ಹಳೆಯ ಬಟ್ಟೆಗೆ ಹೊಸ ಮನೆ



ದಾನವೆಂಬ ಮಾತನ್ನು ನಾವು ಬಹಳ ಸಲೀಸಾಗಿ ಬಳಸುತ್ತೇವೆ. ಹಬ್ಬಕ್ಕೆಂದು ಮನೆಯನ್ನು ಒಪ್ಪವಾಗಿಸುವಾಗ ಬೀರುವಿನಿಂದ ಹೊರಬಿದ್ದ ಬಟ್ಟೆಬರೆಗಳನ್ನು ಗಂಟುಕಟ್ಟಿ ಯಾರ ಕೈಗೋ ಒಪ್ಪಿಸಿದರೆ ಜಾಗವೂ ತೆರವಾಯಿತು, ಪುಣ್ಯವೂ ಬಂತು. ಇದು ದಾನವೋ, ವಿಸರ್ಜನೆಯೋ?

ಈ ಪ್ರಶ್ನೆ ನನ್ನನ್ನು ಕಾಡಿದ್ದು 2009ರ ಅಕ್ಟೋಬರಿನಲ್ಲಿ. ಉತ್ತರ ಕರ್ನಾಟಕ ನೆರೆಯಲ್ಲಿ ನಲುಗಿದ್ದಾಗ, ನಮ್ಮ ಬಡಾವಣೆಯಲ್ಲಿ ಕೂಡಿಬಿದ್ದ ಬಟ್ಟೆಗಳನ್ನು ವಿಂಗಡಿಸಲು ನಾನೂ ಕುಳಿತಿದ್ದೆ. ಒಂದು ಗಂಟಿನಿಂದ ಲಾಡಿಯಿಲ್ಲದ ಪಾಯಿಜಾಮ, ಒಂದೂ ಗುಂಡಿಯಿಲ್ಲದ ಅಂಗಿ ಹೊರಬಂದವು. 'ಇದನ್ನು ಕಳಿಸಿದ ಮಹಾನುಭಾವರು ಯಾರಪ್ಪ!' ಎಂದು ನಗುತ್ತ ಅಂಗಿಯ ಕೊರಳಪಟ್ಟಿಯನ್ನು ಮಗುಚಿದೆ. ಅಲ್ಲಿದ್ದ ಅಗಸನ ಗುರುತು ನಮ್ಮ ಮನೆಯದೇ ಆಗಿತ್ತು.

ಬೇಡವಾದ ವಸ್ತುವಿಗೆ ಬೇಕಾದ ಮನೆಯನ್ನು ಹುಡುಕುವುದು ಒಂದು ದುಡಿಮೆ, ಒಂದು ಶಿಸ್ತು ಎಂಬುದನ್ನು ತೋರಿಸಿಕೊಟ್ಟದ್ದು ದೆಹಲಿಯ 'ಗೂಂಜ್' ಸಂಸ್ಥೆ. ಗೂಂಜ್ ಎಂದರೆ ಮಾರ್ದನಿ. ಚಳಿಗಾಲದ ದೆಹಲಿಯಲ್ಲಿ ಅನಾಥ ಶವಗಳನ್ನು ಸಾಗಿಸುತ್ತಿದ್ದ ಒಬ್ಬ ಬಡವನೊಡನೆ ಕಳೆದ ದಿನಗಳು ಅಂಶು ಗುಪ್ತರ ಮನಸ್ಸನ್ನು ಕಲಕಿದ್ದವು. ಚಳಿ ಏರಿದಂತೆ ಆತನ ಕೆಲಸವೂ ಏರುತ್ತಿತ್ತು. ಕೊಲ್ಲುವುದು ಚಳಿಯಲ್ಲ, ಮೈಮೇಲೆ ಬಟ್ಟೆಯಿಲ್ಲದ ಸ್ಥಿತಿ ಎಂಬುದು ಅವರಿಗೆ ಹೊಳೆಯಿತು. 1999ರಲ್ಲಿ ಅವರೂ ಪತ್ನಿ ಮೀನಾಕ್ಷಿಯವರೂ ತಮ್ಮ ಮನೆಯ 67 ಉಡುಪುಗಳಿಂದ ಕೆಲಸ ಆರಂಭಿಸಿದರು.

ಬಟ್ಟೆ ಕೂಡಿಸುವುದು ಸುಲಭ, ಕಷ್ಟವೆಲ್ಲ ಆಮೇಲಿನದು. 2004ರ ಡಿಸೆಂಬರಿನ ಸುನಾಮಿಯ ಬಳಿಕ ತಮಿಳುನಾಡಿನ ಕರಾವಳಿಗೆ ಲೋಡುಗಟ್ಟಲೆ ಬಂದ ಹಳೆಯ ಬಟ್ಟೆ ಯಾರಿಗೂ ಬೇಡವಾಗಿ ರಸ್ತೆಯ ಬದಿಯಲ್ಲಿ ಬಿದ್ದಿತ್ತು. ಮನೆ ಕಳೆದುಕೊಂಡವರೂ ಅದನ್ನು ಮುಟ್ಟಲಿಲ್ಲ. ಅವರು ಕಳೆದುಕೊಂಡದ್ದು ಮನೆಯನ್ನು, ಮಾನವನ್ನಲ್ಲ. ಆದ್ದರಿಂದ ಗೂಂಜ್‌ನ ಜೀವಾಳವಿರುವುದು ವಿಂಗಡಣೆಯಲ್ಲಿ. ಗಂಡಸರದು, ಹೆಂಗಸರದು, ಮಕ್ಕಳದು. ಬೆಟ್ಟದ ಊರಿಗೆ ಉಣ್ಣೆ, ಬಯಲಿಗೆ ಹತ್ತಿ. ಲಾಡಿ ಇಲ್ಲದ್ದಕ್ಕೆ ಲಾಡಿ ಪೋಣಿಸಬೇಕು. ಉಡಲಾರದಷ್ಟು ಸವೆದದ್ದು ಚೀಲವಾಗುತ್ತದೆ, ಹೊದಿಕೆಯಾಗುತ್ತದೆ. ಮೆತ್ತನೆಯ ಹತ್ತಿಬಟ್ಟೆ, ನಾಚಿಕೆಯಿಂದ ಯಾರೂ ಬಾಯಿಬಿಡದ ಮುಟ್ಟಿನ ದಿನಗಳಿಗಾಗಿ ಶುಭ್ರವಾದ ಒತ್ತುಬಟ್ಟೆಯಾಗುತ್ತದೆ. ಈ ವಿದ್ಯೆ ನಮಗೆ ಹೊಸದೇನಲ್ಲ. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೌದಿ ಹೊಲಿಯುತ್ತಿದ್ದ ಉತ್ತರ ಕರ್ನಾಟಕದ ಅಜ್ಜಿಯರಿಗೆ 'ಬೇಡವಾದ ಬಟ್ಟೆ' ಎಂಬ ಮಾತೇ ಅರ್ಥವಾಗುತ್ತಿರಲಿಲ್ಲ.

ಇಷ್ಟಾದರೂ ಪುಕ್ಕಟೆ ಹಂಚಿದರೆ ಪಡೆಯುವವನ ಕೈ ಕೆಳಗೇ ಉಳಿಯುತ್ತದೆ. ಗೂಂಜ್ ಇದಕ್ಕೊಂದು ದಾರಿ ಕಂಡುಕೊಂಡಿತು. ತಮ್ಮ ಊರಿಗೆ ಏನು ಬೇಕೆಂದು ಹಳ್ಳಿಯವರೇ ತೀರ್ಮಾನಿಸುತ್ತಾರೆ. ಬಾವಿ ತೋಡುತ್ತಾರೆ, ಕೆರೆಯ ಹೂಳೆತ್ತುತ್ತಾರೆ, ಬಿದಿರಿನ ಸೇತುವೆ ಕಟ್ಟುತ್ತಾರೆ. ಆ ದುಡಿಮೆಗೆ ಪ್ರತಿಯಾಗಿ ಬಟ್ಟೆ ಸಲ್ಲುತ್ತದೆ. ಪಟ್ಟಣದ ಕಸ ಹಳ್ಳಿಯ ಬಂಡವಾಳವಾಗುತ್ತದೆ. ಪಡೆದವನು ತಲೆ ತಗ್ಗಿಸಬೇಕಾಗಿಲ್ಲ. 2015ರಲ್ಲಿ ಅಂಶು ಗುಪ್ತರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಂಥ ಉದ್ಯಮಕ್ಕೂ ಗೋದಾಮು ಬೇಕು, ಲಾರಿಯ ಬಾಡಿಗೆ ಬೇಕು, ವಿಂಗಡಿಸುವ ಹೆಂಗಸರಿಗೆ ಸಂಬಳ ಬೇಕು. ಬಟ್ಟೆ ಕೊಟ್ಟವರು ಅದರ ಪ್ರಯಾಣದ ಖರ್ಚಿಗೂ ಒಂದಿಷ್ಟು ಕೊಡಬೇಕೆಂದರೆ ಹಲವರು ಹುಬ್ಬೇರಿಸುತ್ತಾರೆ. ಬೇಡವಾದದ್ದನ್ನು ಕೊಟ್ಟದ್ದೇ ದೊಡ್ಡದು, ದುಡ್ಡೂ ಕೊಡಬೇಕೇ? ಆದರೆ ನಮ್ಮ ಹೊರೆ ಇಳಿಸಿಕೊಂಡವರಿಗೆ ನಾವೇ ಋಣಿಗಳಲ್ಲವೇ?

ಅಂದು ಆ ಅಂಗಿಯನ್ನು ಯಾರಿಗೂ ಕಾಣದಂತೆ ಚೀಲಕ್ಕೆ ಸೇರಿಸಿ ಮನೆಗೆ ತಂದೆ. ರಾತ್ರಿ ದೀಪದ ಕೆಳಗೆ ಕುಳಿತು, ಏಳು ಗುಂಡಿಗಳನ್ನು ಹೊಲಿದೆ. ಎರಡು ಸಲ ಸೂಜಿ ಚುಚ್ಚಿತು. ಒಗೆದು, ಇಸ್ತ್ರಿ ಮಾಡಿಸಿ, ಮರುದಿನ ಮತ್ತೆ ಕೊಂಡೊಯ್ದೆ. ನಾನು ಆ ಅಂಗಿಯನ್ನು ಕೊಟ್ಟದ್ದು ಅಂದೇ. ಅದಕ್ಕೆ ಮುಂಚೆ ಎಸೆದಿದ್ದೆ, ಅಷ್ಟೆ.

(ಬಾನುಲಿ ಭಾಷಣ)