ಲಸಿಕೆ ಆಯ್ತಲ್ಲ, ಇನ್ಯಾಕೆ ತಪಾಸಣೆ?

ಗಂಡಸರು ಹಿಂದಿನ ಸಾಲಲ್ಲಿ ಕೂತಿದ್ದೀರಿ. ಇರಲಿ, ಹೆಂಗಸರ ಈ ವಿಷಯಕ್ಕೆ ಬಂದಿರಲ್ಲ, ಅದೇ ಸಂತೋಷ.

ಗರ್ಭಕಂಠದ ಕ್ಯಾನ್ಸರಿಗೆ ಎಚ್‌ಪಿವಿ ವೈರಸ್ ಕಾರಣವೆಂದು ತೋರಿಸಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಬಂತು. ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ಶಾಲಾ ಹುಡುಗಿಯರಿಗೆ ಈ ವೈರಸ್ಸಿನ ಲಸಿಕೆ ಹಾಕತೊಡಗಿದರು. 12–13ರ ವಯಸ್ಸಿನಲ್ಲಿ ಹಾಕಿಸಿಕೊಂಡವರಲ್ಲಿ ಒಬ್ಬರಿಗೂ ಈ ಕ್ಯಾನ್ಸರ್ ಕಂಡಿಲ್ಲವೆಂದು 2024ರಲ್ಲಿ ವರದಿಯಾಯಿತು.

ಹಾಗಾದರೆ ತಪಾಸಣೆ ಯಾಕೆ? ಮೊದಲು ಅದರ ತೊಡಕನ್ನು ಅಕ್ಕಿಯಲ್ಲಿ ಕಲ್ಲು ಆರಿಸುವವರಿಂದ ಕೇಳಿ. ಕಲ್ಲು ಅಪರೂಪವಾದರೆ ಇದ್ದದ್ದು ಕಣ್ತಪ್ಪುತ್ತದೆ, ಮಾಸಲು ಅಕ್ಕಿ ಕಲ್ಲಿನಂತೆ ಕಾಣುತ್ತದೆ. ಲಸಿಕೆ ಪಡೆದ ತರುಣಿಯರ ಪ್ಯಾಪ್ ಪರೀಕ್ಷೆಯೂ, ಅಂದರೆ ಗರ್ಭಕಂಠದ ಕೋಶಗಳನ್ನು ತೆಗೆದು ನೋಡುವುದೂ, ಹಾಗೇ. ರೋಗ ಕಡಿಮೆಯಾದಷ್ಟೂ ಸುಳ್ಳು ಗಾಬರಿಯ ಪಾಲು ಹೆಚ್ಚು. ಅದಕ್ಕೇ 2007ರಿಂದ ಲಸಿಕೆ ಕೊಡುತ್ತಿದ್ದ ಆಸ್ಟ್ರೇಲಿಯಾ, 2017ರಲ್ಲಿ ಎರಡು ವರ್ಷಕ್ಕೊಮ್ಮೆಯ ಪ್ಯಾಪ್ ಬಿಟ್ಟು, 25ರ ನಂತರ ಐದು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆಗೆ ಬಂತು. ತಪಾಸಣೆಯನ್ನು ಬದಲಿಸಿದರು, ಬಿಡಲಿಲ್ಲ. ಏಕೆಂದರೆ ಈ ಕ್ಯಾನ್ಸರಿನಲ್ಲಿ ಹತ್ತಕ್ಕೆ ಏಳು ಪಾಲು 16 ಮತ್ತು 18ನೇ ಬಗೆಯ ವೈರಸ್ಸಿನಿಂದ. ನಮ್ಮ ಪುಣೆಯ ಸರ್ವಾವ್ಯಾಕ್ ಲಸಿಕೆ ತಡೆಯುವುದೂ ಮುಖ್ಯವಾಗಿ ಇವೆರಡನ್ನೇ. ಉಳಿದ ಮೂರು ಪಾಲು ಎಲ್ಲಿಗೆ ಹೋಯಿತು?

ಆ ದೇಶಗಳಲ್ಲಿ ತಪಾಸಣೆ ರೂಢಿಯಾದ ಮೇಲೆ ಲಸಿಕೆ ಬಂತು. ನಮ್ಮಲ್ಲಿ ರೂಢಿಯೇ ಆಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30–49ರ ಹೆಂಗಸರಲ್ಲಿ ಒಮ್ಮೆಯಾದರೂ ಈ ಕ್ಯಾನ್ಸರಿನ ಪರೀಕ್ಷೆ ಮಾಡಿಸಿಕೊಂಡವರು ದೇಶದಲ್ಲಿ ನೂರಕ್ಕೆ ಇಬ್ಬರೂ ಇಲ್ಲ. ಆದರೆ ಬೀದರ್, ಕಲಬುರಗಿಗೆ ಅಂಟಿಕೊಂಡ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆಯನ್ನು ನೋಡಿ. ಅಲ್ಲಿನ ಹಳ್ಳಿಗಳಲ್ಲಿ 1999ರಿಂದ ನಡೆದ ಅಧ್ಯಯನದಲ್ಲಿ ಒಂದೇ ಸಲದ ಎಚ್‌ಪಿವಿ ಪರೀಕ್ಷೆ, ಬೇಕಾದವರಿಗೆ ಚಿಕಿತ್ಸೆ, ಇಷ್ಟರಿಂದಲೇ ಎಂಟು ವರ್ಷದಲ್ಲಿ ಈ ಕ್ಯಾನ್ಸರಿನ ಸಾವು ಅರ್ಧದಷ್ಟು ಇಳಿಯಿತು. ಅವರೂ ನಮ್ಮಂತೆ ಹಳ್ಳಿಯ ಹೆಂಗಸರೇ.

ನಮ್ಮ ಬೀರೂರಿನ ಮೈಲಾರಲಿಂಗಸ್ವಾಮಿಯ ಕಾರ್ಣಿಕ ಕೇಳಲು ಊರೇ ಸೇರುತ್ತದೆ, ಮುಂದಿನದು ಮೊದಲೇ ತಿಳಿಯಲೆಂದು. ಈ ವೈರಸ್ಸಿನ ಸೋಂಕು ಕ್ಯಾನ್ಸರಾಗಲು ಸಾಮಾನ್ಯವಾಗಿ ಹತ್ತು–ಹದಿನೈದು ವರ್ಷ ಬೇಕು. ತಪಾಸಣೆ ಅದನ್ನು ಒಗಟಿಲ್ಲದೆ ಮೊದಲೇ ಹೇಳುತ್ತದೆ. ತಪಾಸಣೆಯ ಸರಳ ವಿಧಾನ ಹೀಗೆ: ಗರ್ಭಕಂಠಕ್ಕೆ ತೆಳು ವಿನೆಗರ್ ಹಚ್ಚಿ, ಒಂದು ನಿಮಿಷ ಕಾದು, ಬಿಳಿ ಮಚ್ಚೆ ಮೂಡಿತೇ ಎಂದು ನೋಡುತ್ತಾರೆ. 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ಸರ್ಕಾರದ ಮಾರ್ಗಸೂಚಿ. ಇಂದು ಲಸಿಕೆ ಪಡೆಯುವ ಹುಡುಗಿಗೂ ಆ ವಯಸ್ಸು ಬರುತ್ತದೆ. ಅದಕ್ಕೆ ಮೊದಲು ಅವಳಮ್ಮನ ಸರದಿ.

ಮಗಳಿಗೆ ಲಸಿಕೆ ಹಾಕಿಸಲು ಹೋದ ದಿನ, ತಾಯಂದಿರೇ, ತಪಾಸಣೆಗೆ ನಿಮ್ಮ ಹೆಸರನ್ನೂ ಬರೆಸಿ ಬನ್ನಿ.