ಕಲ್ನಾರಿನ ಸೂರು, ಕಂಪೆನಿಯ ಲೆಕ್ಕ



ಮಲೆನಾಡಿನ ಕೊಟ್ಟಿಗೆಗಳ ಮೇಲೆ ಸೋಗೆ, ಹೆಂಚುಗಳ ಜಾಗಕ್ಕೆ ಬಂದ ಬೂದುಬಣ್ಣದ ಸಿಮೆಂಟ್ ಶೀಟನ್ನು ಎಲ್ಲರೂ ಬಲ್ಲರು. ಅದನ್ನು ಗಟ್ಟಿಯಾಗಿ ಹಿಡಿದಿರುವ ನಾರೇ ಕಲ್ನಾರು, ಅರ್ಥಾತ್ ಆಸ್ಬೆಸ್ಟಾಸ್. ಇದನ್ನು ಮಾರಿ ಬೆಳೆದ ಉದ್ಯಮದ ಸ್ವಭಾವವನ್ನರಿಯಲು ಆಸ್ಟ್ರೇಲಿಯದ ಜೇಮ್ಸ್ ಹಾರ್ಡಿ ಕಂಪೆನಿಯ ಚರಿತ್ರೆಯನ್ನು ನೋಡಬೇಕು.

1888ರಲ್ಲಿ ಮೆಲ್ಬರ್ನಿಗೆ ಬಂದಿಳಿದ ಸ್ಕಾಟ್ಲೆಂಡಿನ ಜೇಮ್ಸ್ ಹಾರ್ಡಿ ಮೊದಲು ಮಾಡಿದ್ದು ಚರ್ಮ ಹದಮಾಡುವವರಿಗೆ ಬೇಕಾದ ಸಾಮಗ್ರಿಗಳ ವ್ಯಾಪಾರ. 1917ರಲ್ಲಿ ಸಿಡ್ನಿಯ ಬಳಿ ಕಮೀಲಿಯಾದಲ್ಲಿ ಕಲ್ನಾರು ಸಿಮೆಂಟಿನ ತಯಾರಿಕೆ ಆರಂಭವಾಯಿತು. ಜನ ‘ಫೈಬ್ರೊ’ ಎಂದು ಕರೆದ ಆ ಹಲಗೆ ಅಗ್ಗ, ಹಗುರ. ಅದಕ್ಕೆ ಗೆದ್ದಲು ಹತ್ತದು, ಬೆಂಕಿ ತಗಲದು. ಎರಡನೆಯ ಮಹಾಯುದ್ಧದ ತರುವಾಯ ದುಡಿಯುವ ವರ್ಗದ ಬಡಾವಣೆಗಳೇ ಅದರಿಂದ ಎದ್ದುನಿಂತವು.

ಆದರೆ ಆ ನಾರಿನ ಧೂಳು ಶ್ವಾಸಕೋಶದಲ್ಲಿ ನೆಲೆಸಿದರೆ ಹೊರಬರುವುದಿಲ್ಲ. ಕಾರ್ಖಾನೆಯ ಕಾರ್ಮಿಕರ ಶ್ವಾಸಕೋಶ ಗಡುಸಾಗುವುದನ್ನು ಬ್ರಿಟನ್ನಿನ ಸರಕಾರಿ ವರದಿಯೊಂದು 1930ರಲ್ಲೇ ದಾಖಲಿಸಿತ್ತು. ಶ್ವಾಸಕೋಶದ ಪೊರೆಗೆ ತಗಲುವ ಮೀಸೊಥೀಲಿಯೋಮ ಎಂಬ ಕ್ಯಾನ್ಸರಿಗೂ ಕಲ್ನಾರಿಗೂ ಇರುವ ನಂಟು 1960ರಲ್ಲಿ ದಕ್ಷಿಣ ಆಫ್ರಿಕದಿಂದ ವರದಿಯಾಯಿತು. ಹಾರ್ಡಿ ಕಂಪೆನಿ ಕಲ್ನಾರನ್ನು ಕೈಬಿಟ್ಟದ್ದು 1987ರಲ್ಲಿ! ಈ ರೋಗ ತಲೆಯೆತ್ತಲು ಇಪ್ಪತ್ತು, ಮೂವತ್ತು, ನಲವತ್ತು ವರ್ಷಗಳು ಹಿಡಿಯುತ್ತವೆ. ಲಾಭ ಅಂದೇ ಜಮೆಯಾಗಿರುತ್ತದೆ.

2001ರಲ್ಲಿ ಕಂಪೆನಿಯು ಕಲ್ನಾರಿನ ಹೊಣೆ ಹೊತ್ತಿದ್ದ ತನ್ನ ಅಂಗಸಂಸ್ಥೆಗಳನ್ನು ಬೇರ್ಪಡಿಸಿ, 293 ಮಿಲಿಯನ್ ಆಸ್ಟ್ರೇಲಿಯನ್ ಡಾಲರುಗಳೊಡನೆ ಒಂದು ಪ್ರತಿಷ್ಠಾನಕ್ಕೆ ಒಪ್ಪಿಸಿತು. ಪರಿಹಾರಕ್ಕೆ ಹಣ ಸಾಕಷ್ಟಿದೆಯೆಂದು ಷೇರುಪೇಟೆಗೆ ಸಾರಿತು. ಅದೇ ವರ್ಷ ಮಾತೃಸಂಸ್ಥೆ ನೆದರ್ಲೆಂಡಿನ ಕಂಪೆನಿಯಾಯಿತು. ಮನೆ ಪಾಲಾಗುವಾಗ ಆಸ್ತಿಯನ್ನು ತಾನಿಟ್ಟುಕೊಂಡು ಸಾಲವನ್ನು ತಮ್ಮನ ತಲೆಗೆ ಕಟ್ಟುವ ಅಣ್ಣಂದಿರು ನಮ್ಮಲ್ಲಿಯೂ ಉಂಟಷ್ಟೆ. 2004ರ ವಿಚಾರಣಾ ಆಯೋಗವು ಕೊರತೆ ನೂರು ಕೋಟಿ ಡಾಲರಿಗೂ ಮಿಗಿಲೆಂದು ತೋರಿಸಿತು.

ಕಮೀಲಿಯಾದಲ್ಲಿ ದುಡಿದು ರೋಗಕ್ಕೀಡಾದ ಬರ್ನಿ ಬ್ಯಾಂಟನ್, ಆಮ್ಲಜನಕದ ನಳಿಕೆ ಧರಿಸಿಯೇ ಕಾರ್ಮಿಕ ಸಂಘಗಳೊಡನೆ ಹೋರಾಟಕ್ಕಿಳಿದರು. 2007ರ ಫೆಬ್ರವರಿಯಲ್ಲಿ ಷೇರುದಾರರು ದೀರ್ಘಕಾಲದ ಪರಿಹಾರ ನಿಧಿಗೆ ಒಪ್ಪಿದರು. ನವೆಂಬರಿನಲ್ಲಿ ಬ್ಯಾಂಟನ್ ತೀರಿಕೊಂಡರು. ಷೇರುಪೇಟೆಗೆ ನೀಡಿದ ಆ ಹೇಳಿಕೆಗೆ ನಿರ್ದೇಶಕರೇ ಹೊಣೆಯೆಂದು ಅಲ್ಲಿನ ಉಚ್ಚತಮ ನ್ಯಾಯಾಲಯ 2012ರಲ್ಲಿ ಎತ್ತಿಹಿಡಿಯಿತು.

ಆಸ್ಟ್ರೇಲಿಯ 2003ರ ಅಂತ್ಯಕ್ಕೆ ಕಲ್ನಾರನ್ನು ಪೂರ್ಣ ನಿಷೇಧಿಸಿತು. ಭಾರತದಲ್ಲಿ ಬಿಳಿಕಲ್ನಾರಿನ ಶೀಟು ಇಂದಿಗೂ ಮಾರಾಟಕ್ಕಿದೆ. ಬ್ಯಾಂಟನ್ನರಿಗೆ ಹಾಜರಿ ಪುಸ್ತಕವಿತ್ತು, ಸಂಘವಿತ್ತು. ಇಲ್ಲಿ ಶೀಟು ಕೊರೆದು ಮೊಳೆ ಹೊಡೆಯುವ ದಿನಗೂಲಿಯವನ ಹೆಸರು ಯಾವ ಕಂಪೆನಿಯ ಕಡತದಲ್ಲಿಯೂ ಇರುವುದಿಲ್ಲ. ಸದ್ಯಕ್ಕೆ, ಹಾಕಿರುವ ಶೀಟನ್ನು ಒಣಗಿರುವಾಗ ಕತ್ತರಿಸುವುದೂ ಉಜ್ಜುವುದೂ ಬೇಡ. ಒಡೆದ ಚೂರುಗಳನ್ನು ತೋಟದ ದಾರಿಗೆ ಹಾಸುವ ರೂಢಿಯನ್ನಂತೂ ಈ ಮಳೆಗಾಲದಿಂದಲೇ ನಿಲ್ಲಿಸಬೇಕು.