ಸಿ ಮತ್ತು ಅಸೆಂಬ್ಲಿ: ಜೋಡಣೆಯ ಕರಾರು
(ಮಸ್ಕತ್ತಿನಲ್ಲಿ ಕನ್ನಡಿಗರ ಶುಕ್ರವಾರದ ಕೂಟದಲ್ಲಿ ಆಡಿದ ಮಾತು)



ರಜೆಯ ನಿದ್ದೆ ಬಿಟ್ಟು ರೂವಿಯವರೆಗೆ ಬಂದಿದ್ದೀರಿ, ಧನ್ಯವಾದ. ಅಸೆಂಬ್ಲಿಯಂಥ ಒಣ ವಿಷಯ ಕನ್ನಡದಲ್ಲಿ ಯಾಕೆ ಎಂದು ಇಬ್ಬರು ಮಿಂಚೆಯಲ್ಲಿ ಕೇಳಿದ್ದರು. ಮಾತು ಮುಗಿದ ಮೇಲೆ ಮತ್ತೆ ಕೇಳಿ.

ನಾನು ಇಲ್ಲಿಯ ಒಳನಾಡಿನ ತೈಲಕ್ಷೇತ್ರವೊಂದರಲ್ಲಿದ್ದಾಗಿನ ಕತೆ. ಬಾವಿಗಳ ಒತ್ತಡ ಓದುವ ಹಳೆಯ ಪ್ರೋಗ್ರಾಮು. ಮುಖ್ಯ ಭಾಗ ಸಿಯಲ್ಲಿ, ಲೆಕ್ಕದ ತುಂಡೊಂದು 32 ಬಿಟ್ ಅಸೆಂಬ್ಲಿಯಲ್ಲಿ. ಪರೀಕ್ಷೆಯಲ್ಲಿ ಎಲ್ಲ ಸರಿ. ಕಂಪೈಲರಿನ ಆಪ್ಟಿಮೈಸೇಷನ್ ಹಾಕಿದ ದಿನ ಮಾತ್ರ ಕೆಲವು ಬಾವಿಗಳ ಹೊಸ ಅಂಕಿ ಬರಲೇ ಇಲ್ಲ. ಪರದೆಯ ಮೇಲೆ ಹಿಂದಿನದೇ ನಿಂತಿತ್ತು. ಒತ್ತಡ ಏರುತ್ತಿರುವ ಬಾವಿಯನ್ನು ಶಾಂತವೆಂದು ತೋರಿಸುವುದಕ್ಕಿಂತ ಏನೂ ತೋರಿಸದಿರುವುದೇ ಮೇಲು! ಎರಡು ರಾತ್ರಿ ಹುಡುಕಿದೆವು. ಅಸೆಂಬ್ಲಿ ತುಂಡು ಇಬಿಎಕ್ಸ್ ರಿಜಿಸ್ಟರನ್ನು ಬಳಸಿ, ಅದರಲ್ಲಿದ್ದ ಹಳೆಯ ಮೌಲ್ಯವನ್ನು ಮರಳಿ ಇಡದೆ ಹೊರಬಂದಿತ್ತು. ಆಪ್ಟಿಮೈಸ್ ಆದ ಸಿ ತನ್ನ ಲೂಪಿನ ಎಣಿಕೆಯನ್ನು ಅಲ್ಲೇ ಇಟ್ಟುಕೊಂಡಿತ್ತು.

ಲಿಂಕರ್ ಇದನ್ನು ಹಿಡಿಯುವುದಿಲ್ಲ. ಅದು ನೋಡುವುದು ಹೆಸರನ್ನಷ್ಟೆ. ಅಸೆಂಬ್ಲಿಯಲ್ಲಿ ಹೆಸರನ್ನು ಗ್ಲೋಬಲ್ ಎಂದು ಸಾರಬೇಕು; 32 ಬಿಟ್ ವಿಂಡೋಸಿನಲ್ಲಿ ಸಿ ಹೆಸರಿನ ಮುಂದೆ ಅಂಡರ್‌ಸ್ಕೋರ್ ಸೇರಿಸುತ್ತದೆ, ಲಿನಕ್ಸಿನಲ್ಲಿ ಇಲ್ಲ. ಹೆಸರು ಹೊಂದಿದರೆ ಜೋಡಣೆ ಆಯಿತು. ಮಿಕ್ಕ ಕರಾರು ನಮ್ಮ ತಲೆಯ ಮೇಲೆ. 32 ಬಿಟ್ಟಿನ ಸಿಡೆಕ್ಲ್ ಪದ್ಧತಿಯಲ್ಲಿ ಆರ್ಗ್ಯುಮೆಂಟುಗಳು ಬಲದಿಂದ ಎಡಕ್ಕೆ ಸ್ಟ್ಯಾಕಿಗೆ ಹೋಗುತ್ತವೆ, ಕರೆದವನೇ ಅದನ್ನು ತೆರವು ಮಾಡಬೇಕು, ಉತ್ತರ ಇಎಎಕ್ಸ್‌ನಲ್ಲಿ. ಇಬಿಎಕ್ಸ್, ಇಎಸ್‌ಐ, ಇಡಿಐ, ಇಬಿಪಿ ಇವು ನಾಲ್ಕೂ ಸಾಲದ ಪಾತ್ರೆಗಳು. ಇದ್ದ ಹಾಗೇ ಹಿಂದಿರುಗಿಸಬೇಕು. 64 ಬಿಟ್ ಲಿನಕ್ಸಿನಲ್ಲಿ ಮೊದಲ ಆರು ಪೂರ್ಣಾಂಕಗಳು ಆರ್‌ಡಿಐಯಿಂದ ಶುರುವಾಗಿ ರಿಜಿಸ್ಟರುಗಳಲ್ಲೇ ಬರುತ್ತವೆ. ವಿಂಡೋಸಿನಲ್ಲಿ ನಾಲ್ಕೇ, ಅದೂ ಆರ್‌ಸಿಎಕ್ಸ್‌ನಿಂದ. ಮೇಲಾಗಿ ಕರೆಯುವವನು ಸ್ಟ್ಯಾಕಿನಲ್ಲಿ 32 ಬೈಟ್ ಜಾಗ ಬಿಡಬೇಕು. ಒಂದೇ ಚಿಪ್ಪಿಗೆ ಎರಡು ಪದ್ಧತಿ ಯಾಕೋ, ಆ ಪುಣ್ಯಾತ್ಮರನ್ನೇ ಕೇಳಬೇಕು.

ಇನ್ನು ಅಭ್ಯಾಸ. ಯುಟಿಎಫ್-8ರಲ್ಲಿ ‘ಕನ್ನಡ’ ಎಂದು ಬರೆದು ಸಿಯ ಸ್ಟ್ರ್‌ಲೆನ್‌ಗೆ ಕೊಡಿ: 15 ಎನ್ನುತ್ತದೆ. ಬೈಟುಗಳು ಅಷ್ಟಿವೆ, ಒಂದೊಂದು ಸಂಕೇತಕ್ಕೆ ಮೂರು. ಮೇಲಿನ ಎರಡು ಬಿಟ್ 10 ಇರುವ ಬೈಟುಗಳನ್ನು ಬಿಟ್ಟು ಎಣಿಸುವ ಫಂಕ್ಷನ್ನನ್ನು ಅಸೆಂಬ್ಲಿಯಲ್ಲಿ ಬರೆದು ಸಿಯಿಂದ ಕರೆಯಿರಿ: ಉತ್ತರ 5. (ಇದಕ್ಕೆ ಸಿಯೇ ಸಾಕು, ಕೈ ಪಳಗಲೆಂದು ಹೇಳಿದೆ.) ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಐದನ್ನು ಮೂರು ಮಾಡಲು ನಕಾರದ ಒತ್ತು ಗೊತ್ತಿರುವವರು ಬೇಕು. ಮುಂದಿನ ಶುಕ್ರವಾರ ಅದನ್ನು ಬರೆಯೋಣ, ಲ್ಯಾಪ್‌ಟಾಪ್ ತನ್ನಿ.